ಲಕ್ಷದ್ವೀಪಯಾನದಲ್ಲಿ ಗಾಳಿ ಮತ್ತು ತೆರೆ

ಪಡುವಣ ಕಡಲಿನ ಕರೆಯಲ್ಲಿ ಬಾಳುವ ನಮಗೆ ಗಾಳಿಯೂ ತೆರೆಯೂ ಹೊಸವಲ್ಲ. ಮುಂಗಾರಿನ ಇರುಳುಗಳಲ್ಲಿ ದೂರದ ಮನೆಗಳಿಗೂ ಕೇಳಿಸುವ ಕಡಲ ಮೊರೆತವನ್ನು ಆಲಿಸುತ್ತಲೇ ನಾವು ಬೆಳೆದಿದ್ದೇವೆ. ಆದರೂ ಆ ಗಾಳಿ ಎಲ್ಲಿ ಹುಟ್ಟುತ್ತದೆ, ಆ ತೆರೆ ಎಷ್ಟು ದೂರದಿಂದ ನಡೆದು ಬರುತ್ತದೆ, ಇವೆರಡನ್ನೂ ನೆಚ್ಚಿ ಹಿಂದಿನವರು ಕಡಲ ನಡುವಣ ದ್ವೀಪಗಳಿಗೆ ಹೇಗೆ ಹೋಗಿಬರುತ್ತಿದ್ದರು ಎಂಬ ಸಂಗತಿಗಳನ್ನು ನಮ್ಮ ಇತಿಹಾಸದ ಪಾಠಗಳಲ್ಲಿ ಹುಡುಕಿದರೆ ದೊರೆಯುವುದು ಅತ್ಯಲ್ಪ. ಅರಸರ ಯುದ್ಧಗಳಿಗೆ ಅಲ್ಲಿ ಹಲವು ಪುಟಗಳುಂಟು. ಆ ಯುದ್ಧಗಳಿಗೆ ಬೇಕಾದ ಕುದುರೆಗಳನ್ನು ಅರಬರ ನಾಡಿನಿಂದ ಹೊತ್ತು ತಂದ ಗಾಳಿಗೆ ಒಂದೆರಡು ಸಾಲು ಮಾತ್ರ.

ಈಚಿನ ದಶಕಗಳಲ್ಲಿ ದ್ವೀಪಯಾತ್ರೆಗೆ ಹೊಸದೊಂದು ಕಾರಣ ಸೇರಿಕೊಂಡಿದೆ. ಹಲಗೆಯೊಂದರ ಮೇಲೆ ನಿಂತು, ಕೈಯಲ್ಲಿ ಹಾಯಿಯನ್ನು ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಓಡುವ ಆಟವದು. ವಿಂಡ್‌ಸರ್ಫಿಂಗ್ ಎಂದು ಅದರ ಹೆಸರು. ನಾವು ಅದನ್ನು ಹಾಯಿಹಲಗೆಯ ಆಟವೆಂದು ಕರೆಯಬಹುದು. ಅಮೆರಿಕದ ನ್ಯೂಮನ್ ಡಾರ್ಬಿ ೧೯೬೪ರಲ್ಲಿ ಇಂತಹದೊಂದು ಹಲಗೆಯನ್ನು ಮಾಡಿದನು. ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್, ಹೊಯ್ಲ್ ಶ್ವೈಟ್ಸರ್ ಎಂಬಿಬ್ಬರು ತಮ್ಮ ಮಾದರಿಗೆ ೧೯೬೮ರಲ್ಲಿ ಪೇಟೆಂಟು ಕೋರಿ ೧೯೭೦ರಲ್ಲಿ ಪಡೆದರು. ೧೯೮೪ರ ಲಾಸ್ ಏಂಜಲೀಸ್ ಒಲಿಂಪಿಕ್ ಕೂಟದಲ್ಲಿ ಈ ಆಟಕ್ಕೆ ಸ್ಥಾನ ದೊರೆಯಿತು. ಇದಕ್ಕಾಗಿ ಉಷ್ಣವಲಯದ ದ್ವೀಪಗಳಿಗೆ ಹೊರಡುವವರು ಮೊದಲು ಕೇಳುವ ಪ್ರಶ್ನೆಗಳು ಎರಡು: ಅಲ್ಲಿ ಯಾವ ತಿಂಗಳಲ್ಲಿ ಎಷ್ಟು ಗಾಳಿ? ತೆರೆ ಎಷ್ಟು ಎತ್ತರ? ಆಟ ಹೊಸದಾದರೂ ಪ್ರಶ್ನೆಗಳು ಬಹಳ ಹಳೆಯವು. ನಮ್ಮ ಕರೆಗೆ ನೈಋತ್ಯದಲ್ಲಿರುವ ಲಕ್ಷದ್ವೀಪಗಳ ಇತಿಹಾಸವನ್ನು ನೋಡಿದರೆ, ಈ ಎರಡು ಪ್ರಶ್ನೆಗಳ ಉತ್ತರದ ಮೇಲೆಯೇ ಅಲ್ಲಿನ ಜನರ ಅನ್ನವೂ ಪ್ರಾಣವೂ ನಿಂತಿದ್ದುವೆಂಬುದು ತಿಳಿಯುತ್ತದೆ.

ಲಕ್ಷದ್ವೀಪಗಳು ಹವಳದ ದ್ವೀಪಗಳು. ಎಲ್ಲವನ್ನೂ ಕೂಡಿಸಿದರೂ ನೆಲದ ವಿಸ್ತಾರ ೩೨ ಚದರ ಕಿಲೋಮೀಟರು ಮಾತ್ರ. ಜನವಸತಿಯುಳ್ಳವು ಹತ್ತು. ಉತ್ತರದ ಅಮಿನಿ, ಕಡಮತ್, ಕಿಲ್ತಾನ್, ಚೇತ್ಲಾತ್, ಬಿತ್ರಾ ಎಂಬ ಐದಕ್ಕೆ ಅಮಿನಿದೀವಿ ದ್ವೀಪಗಳೆಂದು ಹೆಸರು. ಅವುಗಳ ದಕ್ಷಿಣಕ್ಕೆ ಅಗತ್ತಿ, ಕವರತ್ತಿ, ಆಂಡ್ರೋತ್, ಕಲ್ಪೇನಿಗಳಿವೆ. ಎಲ್ಲಕ್ಕಿಂತ ತೆಂಕಲಲ್ಲಿ ಮಿನಿಕಾಯ್. ಹೆಚ್ಚಿನ ದ್ವೀಪಗಳಲ್ಲಿ ನೆಲವು ಮೂಡಲಿಗೂ, ಹವಳದ ದಿಬ್ಬವು ಪಡುವಲಿಗೂ ಇದ್ದು, ಎರಡರ ನಡುವೆ ಆಳವಿಲ್ಲದ ತಿಳಿನೀರಿನ ಕಡಲಕೊಳವಿರುತ್ತದೆ. ಈ ಒಂದು ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಯೋಜನ ಬೀಳುತ್ತದೆ.

ಮಂಗಳೂರಿನಿಂದ ಅಮಿನಿಗೆ ಸುಮಾರು ೩೦೦ ಕಿಲೋಮೀಟರು. ಒಳ್ಳೆಯ ಗಾಳಿ ದೊರೆತು ಹಾಯಿಹಡಗು ಗಂಟೆಗೆ ಏಳೂವರೆ ಕಿಲೋಮೀಟರಿನಂತೆ ಓಡಿದರೆ ನಲವತ್ತು ಗಂಟೆಗಳ ದಾರಿ. ಆದರೆ ದ್ವೀಪಗಳು ಸಮುದ್ರಮಟ್ಟದಿಂದ ಕೆಲವೇ ಮೀಟರುಗಳಷ್ಟು ಎತ್ತರ. ತೆಂಗಿನ ತಲೆಗಳು ನೀರಿನಿಂದ ೨೦ ಮೀಟರು ಮೇಲಿದ್ದರೂ ಹಡಗಿನಲ್ಲಿ ನಿಂತವನ ಕಣ್ಣಿಗೆ ೨೨ ಕಿಲೋಮೀಟರಿನ ಒಳಗೆ ಬಂದಾಗ ಮಾತ್ರ ಕಾಣಿಸುತ್ತವೆ. ೩೦೦ ಕಿಲೋಮೀಟರಿನ ದಾರಿಯಲ್ಲಿ ದಿಕ್ಕು ಐದೇ ಅಂಶ ತಪ್ಪಿದರೂ ಕೊನೆಗೆ ೨೬ ಕಿಲೋಮೀಟರು ಬದಿಗೆ ಸರಿದುಹೋದಂತಾಯಿತು. ಅಂದರೆ ದ್ವೀಪವನ್ನು ಕಾಣದೆಯೇ ಅದನ್ನು ದಾಟಿ ಅಪಾರವಾದ ಕಡಲಿಗೆ ನಡೆದುಬಿಡಬಹುದು. ಗಣಿತದ ಉಪಾಧ್ಯಾಯರು ಈ ಲೆಕ್ಕವನ್ನು ಮಕ್ಕಳಿಂದ ಮಾಡಿಸಿ ನೋಡಬೇಕು. ಗಾಳಿ ಒಂದಿಷ್ಟು ಓರೆಯಾಗಿ ಬೀಸಿದರೂ ಆಗುವ ಗಂಡಾಂತರವೇನೆಂಬುದು ಆಗ ಅವರಿಗೆ ಮನದಟ್ಟಾದೀತು.

ಇಷ್ಟು ಕಷ್ಟದ ದಾರಿಯಾದರೂ ಈ ದ್ವೀಪಗಳು ಪ್ರಾಚೀನ ಕಾಲದಿಂದಲೇ ಹೊರಗಿನವರಿಗೆ ತಿಳಿದಿದ್ದವು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ಬರಹವಾದ ‘ಎರಿತ್ರಿಯನ್ ಸಮುದ್ರದ ಪೆರಿಪ್ಲಸ್’ ಮಲಬಾರಿನ ಕರೆಗೆ ಎದುರಾಗಿರುವ ದ್ವೀಪಗಳಿಂದ ಆಮೆಯ ಚಿಪ್ಪು ಬರುತ್ತಿದ್ದುದನ್ನು ಹೇಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಅಲ್ ಬೀರೂನಿಯು ಈ ಕಡಲಿನ ದ್ವೀಪಗಳನ್ನು ಕವಡೆಯ ದ್ವೀಪಗಳು, ತೆಂಗಿನ ನಾರಿನ ದ್ವೀಪಗಳು ಎಂದು ಎರಡಾಗಿ ವಿಂಗಡಿಸಿದನು. ಅರಬರ ಹಡಗುಗಳ ಹಲಗೆಗಳನ್ನು ಕಬ್ಬಿಣದ ಮೊಳೆಗಳಿಂದ ಜೋಡಿಸದೆ ನಾರಿನ ಹುರಿಯಿಂದ ಹೊಲಿಯುವುದು ರೂಢಿಯಾಗಿತ್ತು. ಹೀಗಾಗಿ ದ್ವೀಪದ ನಾರಿಗೆ ದೂರದೂರದ ಬಂದರುಗಳಲ್ಲಿ ಬೇಡಿಕೆಯಿತ್ತು. ದ್ವೀಪದವರ ಓಡಗಳೂ ಅದೇ ರೀತಿ ಹೊಲಿದವುಗಳೇ.

ಇಂತಹ ಹಡಗುಗಳನ್ನು ನಡೆಸಿದ ಗಾಳಿಯ ಸ್ವರೂಪವೇನು? ಬೇಸಿಗೆಯಲ್ಲಿ ಏಷ್ಯದ ನೆಲ ಕಾಯುತ್ತದೆ. ಕಡಲು ಅಷ್ಟು ಬೇಗ ಕಾಯುವುದಿಲ್ಲ. ಕಾದ ನೆಲದ ಮೇಲಣ ಗಾಳಿ ಹಗುರಾಗಿ ಮೇಲೇರಿದಾಗ, ಭೂಮಧ್ಯರೇಖೆಯ ತೆಂಕಣಿಂದ ಕಡಲ ಗಾಳಿ ಅತ್ತ ಹರಿಯತೊಡಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ರೇಖೆಯನ್ನು ದಾಟಿದೊಡನೆ ಬಲಕ್ಕೆ ಬಾಗಿ, ನೈಋತ್ಯ ದಿಕ್ಕಿನಿಂದ ನಮ್ಮ ಕಡೆಗೆ ಬೀಸುತ್ತದೆ. ಚಳಿಗಾಲದಲ್ಲಿ ನೆಲ ತಣ್ಣಗಾದಾಗ ಇದೆಲ್ಲ ತಿರುವುಮುರುವಾಗಿ ಈಶಾನ್ಯದ ಗಾಳಿ ಹೊರಡುತ್ತದೆ. ಎಡ್ಮಂಡ್ ಹ್ಯಾಲಿಯು ೧೬೮೬ರಲ್ಲಿ ಈ ಗಾಳಿಗಳ ನಕ್ಷೆಯೊಂದನ್ನು ಪ್ರಕಟಿಸಿ ಸೂರ್ಯನ ಶಾಖವೇ ಇವಕ್ಕೆ ಕಾರಣವೆಂದನು. ಜಾರ್ಜ್ ಹ್ಯಾಡ್ಲಿಯು ೧೭೩೫ರಲ್ಲಿ ಭೂಮಿಯ ತಿರುಗುವಿಕೆಯನ್ನು ಅದಕ್ಕೆ ಸೇರಿಸಿದನು. ನೈಋತ್ಯ ಮಾರುತವು ಆಫ್ರಿಕದ ಮೂಡಣ ಕರೆಯ ಬಳಿ, ನೆಲದಿಂದ ಒಂದೂವರೆ ಕಿಲೋಮೀಟರಿನ ಆಸುಪಾಸಿನ ಎತ್ತರದಲ್ಲಿ, ಒಂದು ರಭಸದ ಹೊಳೆಯಂತೆ ಹರಿಯುವುದನ್ನು ಫಿಂಡ್ಲೇಟರ್ ಎಂಬ ವಿಜ್ಞಾನಿ ೧೯೬೯ರಲ್ಲಿ ವಿವರಿಸಿದನು. ಕಾರಣಗಳು ಹೀಗೆ ನಿಧಾನವಾಗಿ ಬೆಳಕಿಗೆ ಬಂದವು. ಗಾಳಿಯ ಕಾಲನಿಯಮವನ್ನಾದರೋ ನಾವಿಕರು ಅದಕ್ಕೆ ಸಾವಿರಾರು ವರ್ಷ ಮೊದಲೇ ಅರಿತಿದ್ದರು.

ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಅರಬ್ ನಾವಿಕನಾದ ಇಬ್ನ್ ಮಾಜಿದನು ಕಡಲ ಪಯಣದ ಶಾಸ್ತ್ರವನ್ನು ಕುರಿತು ದೊಡ್ಡ ಗ್ರಂಥವನ್ನೇ ಬರೆದನು. ಯಾವ ಬಂದರಿನಿಂದ ಯಾವ ದಿನಗಳಲ್ಲಿ ಹೊರಡಬೇಕು, ಯಾವಾಗ ಹೊರಡಕೂಡದು ಎಂಬುದನ್ನು ಅವನು ವಿವರಿಸಿದ್ದಾನೆ. ನೈಋತ್ಯ ಮಾರುತದ ಉಗ್ರತೆಯ ಸುಮಾರು ಮೂರು ತಿಂಗಳು ಭಾರತದ ಪಡುವಣ ಕರೆ ಹಡಗುಗಳಿಗೆ ಮುಚ್ಚಿದ ಬಾಗಿಲು. ನಮ್ಮ ತುಳುನಾಡಿನ ಪಂಚಾಂಗದಲ್ಲಿಯೂ ಈ ಬಾಗಿಲಿನ ಗುರುತುಗಳಿವೆ. ಮೇ ತಿಂಗಳ ಕೊನೆಯ ವಾರಕ್ಕೆ ಬೀಳುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಗಳ ನೇಮಗಳು ನಿಲ್ಲುತ್ತವೆ. ಆಗಸ್ಟಿನಲ್ಲಿ, ನೂಲಹುಣ್ಣಿಮೆಯ ಸುಮಾರಿಗೆ, ಮೊಗವೀರರು ಸಮುದ್ರಪೂಜೆ ಮಾಡಿ ಹಾಲು ತೆಂಗಿನಕಾಯಿಗಳನ್ನು ಅರ್ಪಿಸಿ ಕಡಲಿಗಿಳಿಯುತ್ತಾರೆ. ಇವೆರಡರ ನಡುವಣ ದಿನಗಳನ್ನು ಎಣಿಸಿದರೆ ಹೆಚ್ಚುಕಡಮೆ ಅರಬ್ ನಾವಿಕನ ಮುಚ್ಚಿದ ಕಡಲೇ ಅದು. ಒಂದು ಶಾಸ್ತ್ರಗ್ರಂಥ, ಇನ್ನೊಂದು ಜನರ ಆಚಾರ. ಎರಡೂ ಒಂದೇ ಗಾಳಿಯನ್ನು ನೋಡಿ ಕಲಿತವು.

ಈ ನಿಯಮವನ್ನು ಮೀರಿದವರ ಕತೆಯೂ ಇತಿಹಾಸದಲ್ಲಿದೆ. ಹೆರಾತಿನ ಷಾರುಖನ ರಾಯಭಾರಿಯಾದ ಅಬ್ದುರ್ ರಜಾಕನು ೧೪೪೨ರಲ್ಲಿ ಭಾರತಕ್ಕೆ ಹೊರಟಾಗ ಹೊರ್ಮುಜಿನಲ್ಲಿ ತಡವಾಯಿತು. ಒಳ್ಳೆಯ ಗಾಳಿಯ ಕಾಲ ಮುಗಿಯುತ್ತ ಬಂದಿದ್ದಾಗ ಕಡಲಿಗಿಳಿಯಬೇಕಾಗಿ ಬಂದುದನ್ನು ಅವನು ಭಯದಿಂದಲೇ ಬರೆದಿಟ್ಟಿದ್ದಾನೆ. ಮುಂದೆ ೧೪೪೩ರಲ್ಲಿ ಅವನು ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು ಅಲ್ಲಿಂದ ವಿಜಯನಗರವನ್ನು ತಲುಪಿದನು.

ವಾಸ್ಕೋ ಡ ಗಾಮನ ಪ್ರಯಾಣ ಇನ್ನೂ ಸ್ಪಷ್ಟವಾದ ನಿದರ್ಶನ. ಅವನು ೧೪೯೮ರ ಏಪ್ರಿಲ್ ೨೪ರಂದು ಆಫ್ರಿಕದ ಮಾಲಿಂದಿಯನ್ನು ಬಿಟ್ಟನು. ಅಲ್ಲಿ ದೊರೆತ ಮಾರ್ಗದರ್ಶಕನಿಗೆ ಗಾಳಿಯ ಗುಟ್ಟು ತಿಳಿದಿತ್ತು. ಆ ಮಾರ್ಗದರ್ಶಕನು ಇಬ್ನ್ ಮಾಜಿದನೇ ಎಂದು ಹಲವು ಪುಸ್ತಕಗಳಲ್ಲಿ ಬರೆದಿರುವುದುಂಟು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಅದಿರಲಿ. ಬೀಸತೊಡಗಿದ್ದ ನೈಋತ್ಯದ ಗಾಳಿ ಹಾಯಿಗಳನ್ನು ತುಂಬಿತು. ಮೇ ೧೮ರಂದು ನಮ್ಮ ಕರೆಯ ಬೆಟ್ಟಗಳು ಕಂಡವು, ೨೦ರಂದು ಕಲ್ಲಿಕೋಟೆಯ ಬಳಿ ಲಂಗರು ಬಿತ್ತು. ಹಿಂದಿರುಗುವಾಗಲೋ ಅವನು ಅವಸರಪಟ್ಟನು. ಕಾರವಾರಕ್ಕೆದುರಿನ ಅಂಜದೀವಿನಿಂದ ಅಕ್ಟೋಬರ್ ೫ರಂದೇ ಹೊರಟನು. ಆಗ ನೈಋತ್ಯದ ಗಾಳಿ ಅಡಗಿತ್ತು, ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಹಡಗುಗಳು ಒಮ್ಮೆ ಗಾಳಿಯಿಲ್ಲದೆ ನಿಂತು, ಒಮ್ಮೆ ಎದುರುಗಾಳಿಗೆ ಸಿಲುಕಿ, ೧೪೯೯ರ ಜನವರಿ ೨ರಂದು ಆಫ್ರಿಕದ ಕರೆಯನ್ನು ಕಂಡವು. ಬರುವಾಗ ಮೂರು ವಾರಗಳಿಗಿಂತ ಸ್ವಲ್ಪ ಹೆಚ್ಚು. ಹೋಗುವಾಗ ಹತ್ತಿರ ಹತ್ತಿರ ಮೂರು ತಿಂಗಳು. ಈ ನಡುವೆ ಒಸಡು ಬಾತು ಸುಮಾರು ಮೂವತ್ತು ನಾವಿಕರು ಸತ್ತರು. ಒಂದೆರಡು ತಿಂಗಳು ಕಾದಿದ್ದರೆ ಗಾಳಿಯೇ ಅವರನ್ನು ಕರೆದೊಯ್ಯುತ್ತಿತ್ತು.

ದ್ವೀಪದ ಜನರಾದರೋ ಹೀಗೆ ಅವಸರಪಡುವಂತಿರಲಿಲ್ಲ. ಅಮಿನಿದೀವಿ ದ್ವೀಪಗಳು ಕಣ್ಣಾನೂರಿನ ಅರಕ್ಕಲ್ ಮನೆತನದ ಆಳಿಕೆಯಲ್ಲಿದ್ದು, ಅಲ್ಲಿನವರು ಆ ಆಳಿಕೆಯ ಮೇಲೆ ಬೇಸತ್ತು ಟೀಪೂ ಸುಲ್ತಾನನ ಮೊರೆಹೊಕ್ಕರು. ೧೭೮೭ರಲ್ಲಿ ಆ ಐದು ದ್ವೀಪಗಳು ಟೀಪುವಿನ ಕೈಸೇರಿದುವು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪೆನಿಗೆ ಸೇರಿ, ಮಂಗಳೂರಿನಿಂದ ಆಡಳಿತ ನಡೆಯತೊಡಗಿತು. ದ್ವೀಪದ ನಾರಿನ ಹುರಿಯೆಲ್ಲ ಸರ್ಕಾರದ ಏಕಸ್ವಾಮ್ಯ. ಅದಕ್ಕೆ ಬದಲಾಗಿ ಅಲ್ಲಿಗೆ ಅಕ್ಕಿ. ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲವಾದ್ದರಿಂದ ಮಳೆಗಾಲಕ್ಕೆ ಬೇಕಾದ ಅಕ್ಕಿಯನ್ನು ಮೇ ತಿಂಗಳು ಮುಗಿಯುವ ಮೊದಲೇ ತಂದಿಟ್ಟುಕೊಳ್ಳಬೇಕಿತ್ತು. ಇರುಳಿನ ನೆಲಗಾಳಿಯೂ ಈಶಾನ್ಯ ಮಾರುತವೂ ಹಡಗನ್ನು ಕರೆಯಿಂದ ದ್ವೀಪದ ಕಡೆಗೆ ನೂಕುತ್ತಿದ್ದವು. ಬೇಸಿಗೆಯ ವಾಯವ್ಯದ ಗಾಳಿ ದ್ವೀಪದಿಂದ ಕರೆಗೆ ಬರುವವರಿಗೆ ಒದಗುತ್ತಿತ್ತು. ಮಳೆ ಬರುವ ಮುನ್ನ ಓಡಗಳನ್ನು ದಡಕ್ಕೆಳೆದು ಮಡಲು ಮುಚ್ಚಿ ಇಡುತ್ತಿದ್ದರು. ಬೇಸಿಗೆಯ ಕೊನೆಯ ಓಡ ಹಿಂದಿರುಗದಿದ್ದರೆ ಆ ಮನೆಯಲ್ಲಿ ಶೋಕ. ಅಕ್ಕಿಯೂ ಅದರೊಡನೆಯೇ ಹೋದುದರಿಂದ ಹಸಿವು.

ಆ ಸಂಬಂಧ ಒಂದೂವರೆ ಶತಮಾನ ನಡೆಯಿತು. ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ಕೇರಳಕ್ಕೆ ಸೇರಿತು, ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಅಮಿನಿದೀವಿ ದ್ವೀಪಗಳೂ ಆ ಜಿಲ್ಲೆಯಿಂದ ಬೇರೆಯಾಗಿ ಇತರ ದ್ವೀಪಗಳೊಡನೆ ಕೇಂದ್ರಾಡಳಿತ ಪ್ರದೇಶವಾದುವು. ೧೯೬೪ರಲ್ಲಿ ಅದರ ಆಡಳಿತ ಕೇಂದ್ರ ಕಲ್ಲಿಕೋಟೆಯಿಂದ ಕವರತ್ತಿಗೆ ಹೋಯಿತು; ೧೯೭೩ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂತು. ಒಂದೇ ಕಚೇರಿಗೆ ಅರ್ಜಿ ಬರೆಯುತ್ತಿದ್ದ ನಾವೂ ಅಮಿನಿಯವರೂ ಒಂದೇ ದಿನ ಬೇರೆ ಬೇರೆಯಾದೆವೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಗಡಿಗಳು ಬದಲಾದರೂ ಗಾಳಿಯ ದಾರಿ ಬದಲಾಗಲಿಲ್ಲ. ಇಂದಿಗೂ ಒಂದೇ ಮುಂಗಾರು ಮೊದಲು ಅವರ ತೆಂಗುಗಳನ್ನು ಅಲುಗಿಸಿ ಆಮೇಲೆ ನಮ್ಮವನ್ನು ಅಲುಗಿಸುತ್ತದೆ.

ಇದುವರೆಗೆ ಗಾಳಿಯ ಮಾತಾಯಿತು. ಗಾಳಿಯನ್ನು ಬಲ್ಲವನು ತೆರೆಯನ್ನೂ ಬಲ್ಲನೆಂದು ತಿಳಿಯಬಾರದು. ತೆರೆ ಹುಟ್ಟುವುದು ಗಾಳಿಯಿಂದಲೇ. ಆದರೆ ನಮ್ಮೂರಿನ ತೆರೆ ನಮ್ಮೂರಿನ ಗಾಳಿಯಿಂದಲೇ ಹುಟ್ಟಿರಬೇಕೆಂಬ ನಿಯಮವಿಲ್ಲ. ಗಾಳಿ ಕೊಂಚವೂ ಇಲ್ಲದ, ಆಕಾಶ ಶುಭ್ರವಾದ ದಿನಗಳಲ್ಲಿ ಕಡಲು ಒಮ್ಮೆಲೆ ಉಕ್ಕಿ ಮನೆಗಳಿಗೆ ನುಗ್ಗುವುದುಂಟು. ಕೇರಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲೆಂದು ಅರ್ಥ. ೨೦೦೫ರ ಮೇ ತಿಂಗಳಲ್ಲಿಯೂ ೨೦೨೪ರ ಮಾರ್ಚ್ ೩೧ರಂದೂ ಕೇರಳದ ಕರೆಯಲ್ಲಿ ಹೀಗಾಯಿತು. ಇದರ ಮೂಲ ಹಿಂದೂ ಮಹಾಸಾಗರದ ತೆಂಕಣ ತುದಿಯ ಬಿರುಗಾಳಿಗಳಲ್ಲಿದೆ. ಅಲ್ಲಿ ಎದ್ದ ಉದ್ದನೆಯ ಅಲೆಗಳು, ಒಂದರ ಹಿಂದೊಂದು ೧೬ ಸೆಕೆಂಡುಗಳ ಅಂತರದಲ್ಲಿ ಸಾಗುವಂತಹವಾದರೆ, ಆಳವಾದ ಕಡಲಿನಲ್ಲಿ ಅವುಗಳ ಸಮೂಹ ಗಂಟೆಗೆ ಸುಮಾರು ೪೫ ಕಿಲೋಮೀಟರಿನಂತೆ ನಡೆಯುತ್ತದೆ. ದಿನಕ್ಕೆ ಸಾವಿರ ಕಿಲೋಮೀಟರಿಗೂ ಮಿಗಿಲು. ಆರೇಳು ದಿನಗಳಲ್ಲಿ ಭೂಮಧ್ಯರೇಖೆಯನ್ನು ದಾಟಿ ನಮ್ಮ ಕರೆಯನ್ನು ಮುಟ್ಟುತ್ತದೆ. ಆ ಬಿರುಗಾಳಿ ಆ ಹೊತ್ತಿಗೆ ಸತ್ತುಹೋಗಿರುತ್ತದೆ. ಅದರ ತೆರೆ ಮಾತ್ರ ಬದುಕಿ ಬಂದಿರುತ್ತದೆ.

ದ್ವೀಪದ ಬಳಿ ಗಾಳಿಗೂ ತೆರೆಗೂ ಇರುವ ಈ ಭೇದ ಇನ್ನಷ್ಟು ಸ್ಪಷ್ಟವಾಗುತ್ತದೆ. ಹವಳದ ದಿಬ್ಬವು ತೆರೆಯನ್ನು ಒಡೆಯುತ್ತದೆ, ಗಾಳಿಯನ್ನು ತಡೆಯಲಾರದು. ನೀರಿನ ಆಳವು ತೆರೆಯ ಎತ್ತರಕ್ಕೆ ಹತ್ತಿರವಾದಾಗ ತೆರೆ ಮುರಿದು ಬೀಳುವುದು ನಿಸರ್ಗದ ನಿಯಮ. ಹೀಗಾಗಿ ದಿಬ್ಬದ ಹೊರಗೆ ಭೋರ್ಗರೆತವಿದ್ದರೂ ಒಳಗಿನ ಕೊಳ ಶಾಂತವಾಗಿರುತ್ತದೆ. ಹಾಯಿಹಲಗೆಯ ಆಟಗಾರರಿಗೆ ಬೇಕಾದುದು ಇಂತಹ ನೀರೇ. ಕಲಿಯುವವನಿಗೆ ಗಂಟೆಗೆ ೧೫ರಿಂದ ೨೦ ಕಿಲೋಮೀಟರಿನ ಮೆಲುಗಾಳಿ ಸಾಕು; ನುರಿತವನ ಹಲಗೆ ನೀರಿನ ಮೇಲ್ಮೈಯಲ್ಲಿ ಜಾರಿ ಓಡಬೇಕಾದರೆ ೩೦ರ ಆಸುಪಾಸು ಬೇಕು. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಲಕ್ಷದ್ವೀಪದಲ್ಲಿ ಸಾಮಾನ್ಯವಾಗಿ ಗಾಳಿ ಸೌಮ್ಯ, ಕಡಲು ಶಾಂತ. ಆದ್ದರಿಂದ ಅದು ಕಲಿಯುವವರ ಕಾಲ. ಜೂನಿನಿಂದ ಆಗಸ್ಟಿನವರೆಗೆ ಗಾಳಿಗೇನೂ ಕೊರತೆಯಿಲ್ಲ. ಆದರೆ ಕೊಳದ ಬಾಯಿ ಹೆಚ್ಚಿನ ದ್ವೀಪಗಳಲ್ಲಿ ಪಡುವಲಿಗೇ ಇದೆ, ಮುಂಗಾರಿನ ತೆರೆಯೂ ಪಡುವಲಿಂದಲೇ ಬರುತ್ತದೆ. ಇಳಿಯುವ ದಾರಿಯೇ ಆಗ ಅಪಾಯದ ದಾರಿ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಈಶಾನ್ಯದ ಗಾಳಿಯ ಕಾಲದಲ್ಲಿ ಪಡುವಣ ಕೊಳದ ಮೇಲೆ ಗಾಳಿ ಬೀಸುವುದು ದಡದಿಂದ ಕಡಲ ಕಡೆಗೆ. ದಡದ ಬಳಿ ನೀರು ಕನ್ನಡಿಯಂತಿರುತ್ತದೆ. ನೋಡಿದವರಿಗೆ ಧೈರ್ಯ ಹುಟ್ಟುತ್ತದೆ. ಹಿಂದಿರುಗುವ ಕೌಶಲವಿಲ್ಲದವನನ್ನು ಆ ಗಾಳಿಯೇ ಮೆಲ್ಲನೆ ದಿಬ್ಬದ ಕಡೆಗೆ ಒಯ್ಯುತ್ತದೆ. ನೀರಿನ ಶಾಂತಿಯನ್ನು ನೋಡಿ ಗಾಳಿಯ ದಿಕ್ಕನ್ನು ಮರೆಯಬಾರದು.

ಋತುವನ್ನು ನೆಚ್ಚಿದರೆ ಸಾಕೇ? ಸಾಲದೆಂದು ಇತಿಹಾಸ ಹೇಳುತ್ತದೆ. ೧೮೪೭ರ ಏಪ್ರಿಲಿನಲ್ಲಿ, ಹಡಗುಗಳು ಓಡಾಡುವ ಒಳ್ಳೆಯ ಕಾಲದಲ್ಲಿಯೇ, ಭಯಂಕರವಾದ ಚಂಡಮಾರುತವೊಂದು ಕಲ್ಪೇನಿ, ಆಂಡ್ರೋತ್, ಕಿಲ್ತಾನ್ ದ್ವೀಪಗಳ ಮೇಲೆ ಬಿತ್ತು. ಕಲ್ಪೇನಿಯಲ್ಲಿ ಕಡಲು ಹವಳದ ಬಂಡೆಗಳನ್ನೇ ಎತ್ತಿ ದಡದ ಮೇಲೆ ರಾಶಿಹಾಕಿತು. ಜನ ಸತ್ತರು, ತೆಂಗುಗಳು ಉರುಳಿದುವು. ೨೦೧೭ರ ನವೆಂಬರ್ ಕೊನೆ ಮತ್ತು ಡಿಸೆಂಬರ್ ಮೊದಲಲ್ಲಿ ಬಂದ ‘ಓಖಿ’ ಚಂಡಮಾರುತವು ಮಿನಿಕಾಯ್, ಕಲ್ಪೇನಿಗಳನ್ನು ಹಾಳುಗೆಡವಿತು. ಮೀನಿಗೆ ಹೋಗಿದ್ದ ಕೇರಳ, ತಮಿಳುನಾಡುಗಳ ಅನೇಕರು ಹಿಂದಿರುಗಲೇ ಇಲ್ಲ. ಮುಂಗಾರಿಗೆ ಮುಂಚಿನ ತಿಂಗಳುಗಳೂ ಅದರ ತರುವಾಯದ ತಿಂಗಳುಗಳೂ ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹುಟ್ಟುವ ಕಾಲ. ಹಡಗಿಗೆ ಬಾಗಿಲು ತೆರೆದಿರುವ ಕಾಲವೂ ಅದೇ.

ಆದುದರಿಂದ ದ್ವೀಪಕ್ಕೆ ಹೊರಡುವವನು, ಅವನು ಅಕ್ಕಿ ತರುವ ನಾವಿಕನಾಗಲಿ, ಹಾಯಿಹಲಗೆಯ ಆಟಗಾರನಾಗಲಿ, ಮೂರನ್ನು ಬೇರೆಬೇರೆಯಾಗಿಯೇ ವಿಚಾರಿಸಬೇಕು: ಇದು ಯಾವ ಋತು? ಈ ದಿನದ ಗಾಳಿ ಯಾವ ಕಡೆಯಿಂದ? ಈ ತೆರೆ ಎಲ್ಲಿಯದು? ಗಾಮನು ಮೊದಲನೆಯ ಪ್ರಶ್ನೆಯನ್ನು ಬಿಟ್ಟನು. ಒಳ್ಳೆಯ ಕಾಲವೆಂದು ಹೊರಟು ಓಖಿಗೆ ಸಿಕ್ಕಿದವರಿಗೆ ಎರಡನೆಯದರ ಉತ್ತರ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಕಳ್ಳಕ್ಕಡಲಿನಲ್ಲಿ ಮನೆ ಕಳೆದುಕೊಂಡವರಿಗೆ ಮೂರನೆಯದನ್ನು ಹೇಳುವವರು ಬಹುಕಾಲ ಇರಲಿಲ್ಲ. ೧೯೯೯ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಸಾಗರ ಮಾಹಿತಿ ಸೇವಾ ಕೇಂದ್ರವು ಈಗ ತೆರೆಗಳ ಮುನ್ಸೂಚನೆಯನ್ನು ಕೊಡುತ್ತಿದೆ. ಉಪಗ್ರಹಗಳು ಕಡಲ ಮೇಲಣ ಗಾಳಿಯನ್ನು ಅಳೆಯುತ್ತಿವೆ. ಇದು ದೊಡ್ಡ ಉಪಕಾರ. ಆದರೆ ಸೂಚನೆ ಬಂದಾಗ ಅದರ ಅರ್ಥವನ್ನು ತಿಳಿಯಬಲ್ಲ ಮನಸ್ಸು ಕರೆಯಲ್ಲಿರಬೇಕು.

ಆ ಮನಸ್ಸನ್ನು ಸಿದ್ಧಗೊಳಿಸುವುದು ಶಾಲೆಯ ಕೆಲಸ. ಕಡಲ ಬಳಿಯ ಶಾಲೆಗಳ ಉಪಾಧ್ಯಾಯರು ವಾರಕ್ಕೊಮ್ಮೆ ಮಕ್ಕಳನ್ನು ದಂಡೆಗೆ ಕರೆದೊಯ್ಯಲಿ. ಬೀಳುವ ಹನ್ನೊಂದು ತೆರೆಗಳನ್ನು ಎಣಿಸಿ, ಮೊದಲನೆಯದರಿಂದ ಕೊನೆಯದರವರೆಗಿನ ಹೊತ್ತನ್ನು ಹತ್ತರಿಂದ ಭಾಗಿಸಲಿ. ಅಂತರ ಐದಾರು ಸೆಕೆಂಡಾದರೆ ಹತ್ತಿರದ ಗಾಳಿಯ ತೆರೆ. ಹದಿನಾಲ್ಕು ಹದಿನಾರು ಸೆಕೆಂಡಾದರೆ ದೂರದ ಬಿರುಗಾಳಿಯ ತೆರೆ. ಗಾಳಿಯ ದಿಕ್ಕನ್ನೂ ಅದರ ಪಕ್ಕದಲ್ಲಿ ಬರೆದಿಡಲಿ. ಹಳೆಯ ಮೀನುಗಾರರನ್ನು ಶಾಲೆಗೆ ಬರಮಾಡಿಕೊಂಡು ಅವರ ಗಾಳಿಯ ಹೆಸರುಗಳನ್ನು ಕೇಳಿ ಬರೆದುಕೊಳ್ಳಲಿ. ಮೂರು ವರ್ಷ ಹೀಗೆ ನಡೆದರೆ ಶಾಲೆಯ ಆ ಪುಸ್ತಕವೇ ಈ ಕರೆಯ ಇತಿಹಾಸಕ್ಕೆ ಆಧಾರವಾಗುವುದು. ಆ ಹಿರಿಯರು ಕಣ್ಮರೆಯಾದ ಮೇಲೆ ಕೇಳಬೇಕೆಂದರೆ ಹೇಳುವವರು ಉಳಿದಿರುವುದಿಲ್ಲ.